ಕೊನೆಯಿಂದ ಕೇಳುವ ದ್ಯಾಮವ್ವ

ದ್ಯಾಮವ್ವನವರಿಗೆ ಯಾವ ಕತೆಯನ್ನಾದರೂ ಹೇಳಬಹುದಿತ್ತು, ಆದರೆ ಮೊದಲಿನಿಂದ ಹೇಳುವಂತಿರಲಿಲ್ಲ. ಮಸ್ಕತ್‌ನ ಖುರುಮ್ ಬಡಾವಣೆಯಲ್ಲಿದ್ದ ನಮ್ಮ ವಕೀಲರ ಕಚೇರಿಗೆ ಬಂದವರು ಕುರ್ಚಿಯ ತುದಿಯಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, ‘ಅದೇನಾಯ್ತು ಅಂದ್ರೆ ಮೇಡಂ’ ಎಂದು ಆರಂಭಿಸಿದೊಡನೆ ದ್ಯಾಮವ್ವ ಬಸ್ಸು ನಿಲ್ಲಿಸುವವರಂತೆ ಎಡಗೈಯನ್ನು ಸ್ವಲ್ಪ ಮೇಲೆತ್ತುತ್ತಿದ್ದರು. ‘ಹಂಗಲ್ರೀ. ಕೊನೀಗೆ ಏನಾತು, ಅದನ್ನ ಮೊದಲ ಹೇಳ್ರಿ. ಅದಕ್ಕಿಂತ ಮುಂಚೆ ಏನಾಗಿತ್ತು, ಅದನ್ನ ಆಮ್ಯಾಲೆ. ಹಂಗ ಹಿಂದಕ್ಕ ಹಿಂದಕ್ಕ ಬರ್ರಿ.’ ಸಂಬಳ ಸಿಗದ ಬಡಗಿ, ಪಾಸ್‌ಪೋರ್ಟ್ ಕಳೆದುಕೊಂಡ ನರ್ಸು, ಬಾಡಿಗೆಯ ಜಗಳಕ್ಕೆ ಬಂದ ಅಂಗಡಿಯವನು, ಎಲ್ಲರೂ ಒಂದು ಕ್ಷಣ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯಲು ಹೇಳಿದವರಂತೆ ತಬ್ಬಿಬ್ಬಾಗುತ್ತಿದ್ದರು. ಮೊದಲಿನಿಂದ ಹೇಳುವ ಕತೆಯನ್ನು ಅವರು ಮನೆಯಲ್ಲಿ, ಟ್ಯಾಕ್ಸಿಯಲ್ಲಿ, ಲಿಫ್ಟಿನ ಕನ್ನಡಿಯ ಮುಂದೆ ಹತ್ತಾರು ಬಾರಿ ಹೇಳಿಕೊಂಡು ಬಂದಿರುತ್ತಿದ್ದರು. ಹಿಂದಿನಿಂದ ಹೇಳಿ ಅಭ್ಯಾಸವಿರುತ್ತಿರಲಿಲ್ಲ. ಆದ್ದರಿಂದ ಅಲ್ಲಿ ಅವರಿಗೆ ನೆನಪು ಬೇಕಾಗುತ್ತಿತ್ತು.

ಈ ಪದ್ಧತಿ ಅವರಿಗೆ ಕಾನೂನಿನಿಂದ ಬಂದದ್ದಲ್ಲ, ಹೊಲಿಗೆಯಿಂದ ಬಂದದ್ದು. ಗಜೇಂದ್ರಗಡದ ಹುಡುಗಿ ಮದುವೆಯಾಗಿ, ವಿದ್ಯುತ್ ಕೇಂದ್ರವೊಂದರಲ್ಲಿ ಟೆಕ್ನಿಷಿಯನ್ ಆಗಿದ್ದ ಗಂಡನ ಹಿಂದೆ ಎಂಬತ್ತೆರಡನೆಯ ಇಸವಿಯಲ್ಲಿ ಸಹಮ್‌ಗೆ ಬಂದಾಗ, ಆ ಕಡಲತೀರದ ಊರಿನಲ್ಲಿ ಕನ್ನಡದ ಇನ್ನೊಂದು ದನಿ ಇರಲಿಲ್ಲವಂತೆ. ನೆರೆಯ ಹೆಂಗಸರು ಹಳೆಯ ಉಡುಪುಗಳನ್ನು ತಂದುಕೊಟ್ಟು ಅಂಥದ್ದೇ ಹೊಲಿದುಕೊಡು ಎಂದು ಸನ್ನೆಯಲ್ಲಿ ಕೇಳುತ್ತಿದ್ದರು. ಕತ್ತರಿಸುವ ಕ್ರಮ ತಿಳಿಯದ ಇವರು, ಕೊನೆಯ ಗಂಟನ್ನು ಹುಡುಕಿ, ಅಲ್ಲಿಂದ ಒಂದೊಂದೇ ಹೊಲಿಗೆ ಬಿಚ್ಚುತ್ತ ಹೋಗಿ, ಮೊದಲ ಸೂಜಿ ಎಲ್ಲಿ ಚುಚ್ಚಿತ್ತು ಎಂದು ತಿಳಿದುಕೊಳ್ಳುತ್ತಿದ್ದರು. ಅರಬ್ಬಿ ಮಾತು ಕೂಡ ಹಾಗೆಯೇ ಬಂತು. ಊರಿನ ಹೆಂಗಸರಿಗಾಗಿ ಸಂಜೆ ನಡೆಯುತ್ತಿದ್ದ ಅಕ್ಷರ ಕಲಿಕೆಯ ತರಗತಿಗೆ, ಕಪ್ಪು ಅಬಾಯಾಗಳ ಸಾಲಿನ ನಡುವೆ ಒಂದೇ ಒಂದು ಇಳಕಲ್ ಸೀರೆಯಾಗಿ, ಕರೆಯದೆ ಹೋಗಿ ಕೂತರಂತೆ. ಟೀಚರು ಹೆಸರು ಕೇಳಿದಾಗ ‘ದ್ಯಾಮವ್ವ’ ಎಂದರಂತೆ. ಅದನ್ನು ಬರೆಯಲು ಟೀಚರಿಗೆ ಮೂರು ದಿನ ಹಿಡಿಯಿತು ಎಂದು ಹೇಳಿಕೊಂಡು ನಗುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಊರಿಗೆ ಹೋಗದೆ ಮಸ್ಕತ್‌ಗೆ ಬಂದು, ಪರೀಕ್ಷೆ ಕಟ್ಟಿ, ಅನುವಾದಕಿಯಾದರು.

ನಾನು ಎರಡು ಸಾವಿರದ ಏಳರಲ್ಲಿ, ಹರಪನಹಳ್ಳಿಯ ಕಾಲೇಜಿನ ಬಿ.ಎ. ಪದವಿ ಮತ್ತು ಟೈಪಿಂಗ್ ಸರ್ಟಿಫಿಕೇಟು ಹಿಡಿದು ಆ ಕಚೇರಿ ಸೇರಿದಾಗ, ಮೊದಲು ಕಣ್ಣಿಗೆ ಬಿದ್ದದ್ದು ಅವರ ಕೋಟು. ಸೀರೆಯ ಮೇಲೆ ಗಂಡನ ಕಂಪನಿಯ ನೀಲಿ ಕೋಟನ್ನು, ಎದೆಯ ಮೇಲಿನ ಲಾಂಛನವನ್ನಷ್ಟೇ ಬಿಚ್ಚಿ ತೆಗೆದು, ಹೊರಗೆ ನಲವತ್ತೈದು ಡಿಗ್ರಿ ಸುಡುತ್ತಿದ್ದ ದಿನವೂ ತೊಟ್ಟಿರುತ್ತಿದ್ದರು. ಎ.ಸಿ.ಯ ಚಳಿಗೆ ಎಂದು ಹೇಳುತ್ತಿದ್ದರು, ನಿಜವೂ ಇರಬಹುದು. ತೋಳಿನ ಮೇಲಿದ್ದ ಟೆಸ್ಟರ್ ಸಿಕ್ಕಿಸುವ ಪುಟ್ಟ ಜೇಬಿನಲ್ಲಿ ಎರಡು ಪೆನ್ನು ಇರುತ್ತಿದ್ದವು. ನಡಿಗೆಯಂತೂ ನಡಿಗೆಯೇ ಅಲ್ಲ. ನಾಲ್ಕು ಹೆಜ್ಜೆ ಬಿರುಸಾಗಿ ಹೋಗಿ, ಅಂಗಡಿಯೊಂದರ ಫಲಕದ ಮುಂದೆ ಗಕ್ಕನೆ ನಿಂತು, ಮೊದಲು ಅರಬ್ಬಿಯಲ್ಲಿ, ಅನಂತರ ಇಂಗ್ಲಿಷಿನಲ್ಲಿ ಓದಿ, ಎರಡೂ ಒಂದೇ ಹೇಳುತ್ತಿವೆಯೇ ಎಂದು ತೂಗಿ, ಮತ್ತೆ ನಾಲ್ಕು ಹೆಜ್ಜೆ. ಹತ್ತು ನಿಮಿಷದ ದಾರಿ ಅರ್ಧ ಗಂಟೆಯಾಗುತ್ತಿತ್ತು. ನಮ್ಮ ಕಚೇರಿಯ ಡ್ರೈವರ್ ಪಾಸ್ಕಲ್, ಮಂಗಳೂರಿನ ಕಡೆಯವನು, ‘ದ್ಯಾಮಕ್ಕನನ್ನು ಕಾರಲ್ಲಿ ಕೂರಿಸಿದ್ರೂ ಕಷ್ಟ ಮಾರಾಯ್ರೆ, ಬೋರ್ಡ್ ಓದ್ಲಿಕ್ಕೆ ಸ್ಲೋ ಮಾಡು ಅಂತಾರೆ. ಹೈವೇಯಲ್ಲಿ ಹಿಂದಿನವರು ಹಾರ್ನ್ ಹೊಡೀತಾರೆ, ಇವರು ಅವರ ನಂಬರ್ ಪ್ಲೇಟೂ ಓದ್ತಾರೆ’ ಎಂದು ಗೋಳಾಡುತ್ತಿದ್ದ.

ಅನುವಾದದಲ್ಲಿ ಅವರಿಗಿದ್ದ ಹಟವನ್ನು ಹೇಳದಿದ್ದರೆ ಅವರ ಚಿತ್ರ ಅರ್ಧವಾದೀತು. ಹೇಳಿದವನ ಮಾತನ್ನು ತಿದ್ದುವುದಿಲ್ಲ, ಮೆದುಗೊಳಿಸುವುದಿಲ್ಲ, ‘ಅವನು ಹೇಳುತ್ತಾನೆ’ ಎಂದೂ ಸೇರಿಸುವುದಿಲ್ಲ. ಅವನು ‘ನಾನು’ ಎಂದರೆ ಇವರೂ ‘ನಾನು’ ಎನ್ನುತ್ತಿದ್ದರು. ಒಮ್ಮೆ ಹೋಟೆಲಿನ ಅಡುಗೆಯವನೊಬ್ಬ ತನ್ನ ಮ್ಯಾನೇಜರನ ಮೇಲಿನ ಸಿಟ್ಟಿಗೆ ‘ಅವನ ತಲೆ ಮೇಲೆ ಮಜ್ಜಿಗೆ ಹುಯ್ಯಬೇಕು’ ಎಂದ. ದ್ಯಾಮವ್ವ ಪೆನ್ನು ನಿಲ್ಲಿಸಿ, ಮುಖದಲ್ಲಿ ಕಿಂಚಿತ್ತೂ ನಗೆಯಿಲ್ಲದೆ, ‘ಹುಳಿ ಮಜ್ಜಿಗಿಯೋ, ತಾಜಾ ಮಜ್ಜಿಗಿಯೋ? ಬರೀಬೇಕಲ್ಲ’ ಎಂದರು. ಅವನು ಯೋಚಿಸಿ, ಹುಳಿ ಎಂದ. ಹಾಗೇ ಬರೆದರು.

ಎರಡು ಸಾವಿರದ ಒಂಬತ್ತರ ಜನವರಿಯ ಒಂದು ಬೆಳಿಗ್ಗೆ ಲತೇಶ್ ಎಂಬವರು ತಮ್ಮ ಮಗಳನ್ನು ಕರೆದುಕೊಂಡು ಬಂದರು. ಉಡುಪಿಯ ಕಡೆಯವರು, ಬರ್ಕಾದ ಒಂದು ಸರಕು ಸಾಗಣೆ ಕಂಪನಿಯಲ್ಲಿ ಗುಮಾಸ್ತರು. ಮಗಳು ಅಕ್ಷಿತಾ, ಹದಿನಾರು ವರ್ಷ, ಶಾಲೆಯ ಸ್ವೆಟರಿನ ತೋಳನ್ನು ಬೆರಳಿನ ತನಕ ಎಳೆದುಕೊಂಡಿದ್ದಳು. ಕೈಯಲ್ಲಿದ್ದ ತೀರ್ಪಿನ ಪ್ರತಿಯಲ್ಲಿ ಹೀಗಿತ್ತು: ಅಕ್ಟೋಬರ್ ಕೊನೆಯ ಗುರುವಾರ ಬರ್ಕಾದ ಹೊರಗಿನ ಒಂದು ತೋಟದಲ್ಲಿ ಈ ಬಾಲಕಿ ನಿಷೇಧಿತ ಪಟಾಕಿ ಹಚ್ಚಿದ್ದರಿಂದ ಖರ್ಜೂರದ ಗರಿಯ ಚಪ್ಪರಕ್ಕೂ ಒಣಹುಲ್ಲಿಗೂ ಬೆಂಕಿ ಬಿದ್ದು, ನಂದಿಸಲು ಹೋದ ತೋಟದ ಕಾವಲುಗಾರ ಅಬ್ಬಾಸನ ಎರಡೂ ಕೈ ಸುಟ್ಟಿದೆ, ಬಾಲಕಿ ತಾನಾಗಿ ತಪ್ಪು ಒಪ್ಪಿಕೊಂಡಿದ್ದಾಳೆ, ಮೂರು ತಿಂಗಳು ಬಾಲಾಪರಾಧಿಗಳ ಸುಧಾರಣಾ ಗೃಹ, ಆ ಮೇಲೆ ದೇಶ ಬಿಡತಕ್ಕದ್ದು. ಮೇಲ್ಮನವಿಯ ತೀರ್ಮಾನದ ತನಕ ಹುಡುಗಿ ತಂದೆಯ ಸುಪರ್ದಿನಲ್ಲಿ, ಅದನ್ನು ಸಲ್ಲಿಸಲು ಮೂವತ್ತು ದಿನ. ಅದರಲ್ಲಿ ಹದಿನೆಂಟು ದಿನಗಳನ್ನು ಅವರು, ಯಾರಿಗೆ ಹೇಳುವುದು ಎಂದು ತಿಳಿಯದೆ, ಕಳೆದುಬಿಟ್ಟಿದ್ದರು.

ಲತೇಶರಿಗೆ ಅರ್ಥವಾಗದಿದ್ದದ್ದು ಒಂದೇ. ‘ಒಪ್ಪಿಕೊಂಡ್ರೆ ಬಿಡ್ತಾರೆ ಅಂದಿದ್ರು ಮೇಡಂ. ತೋಟದ ಓನರ್ ಮಾಫಿ ಅಂತ ಸೈನ್ ಕೂಡ ಹಾಕಿದ್ದಾರೆ. ಖಲಾಸ್ ಅಂತ ಅವರೇ ನಮ್ಮ ಕೈ ಹಿಡಿದು ಹೇಳಿದ್ದು. ಮತ್ತೆ ಇದೆಂತದ್ದು?’

ನಮ್ಮ ವಕೀಲರು ಶಾಂತವಾಗಿ ವಿವರಿಸಿದರು, ದ್ಯಾಮವ್ವ ಕನ್ನಡಕ್ಕೆ ತಂದರು. ಮಾಲೀಕರು ಕ್ಷಮಿಸಿದ್ದು ತಮ್ಮ ಚಪ್ಪರವನ್ನು ಮಾತ್ರ. ಮನುಷ್ಯನ ಕೈ ಸುಟ್ಟದ್ದನ್ನು ಸರ್ಕಾರ ತನ್ನದೆಂದು ನೋಡುತ್ತದೆ, ಅದನ್ನು ಮಾಲೀಕರು ಕ್ಷಮಿಸಲಾರರು. ಊರಿನ ಪಂಚಾಯ್ತಿಯ ರಾಜಿಯನ್ನು ಅಭ್ಯಾಸ ಮಾಡಿಕೊಂಡವರಿಗೆ ಆ ಎರಡು ಬೇರೆ ಬೇರೆ ಎಂದು ಹೊಳೆದೇ ಇರಲಿಲ್ಲ. ಈಗ ದಾರಿ ಎರಡಿತ್ತು. ಶಿಕ್ಷೆ ಹೆಚ್ಚಾಯಿತು ಎಂದಷ್ಟೇ ಬೇಡಿಕೊಂಡರೆ ತಿಂಗಳು ಕಡಿಮೆಯಾದೀತು. ತಪ್ಪೊಪ್ಪಿಗೆ ನಿಂತಿರುವ ತನಕ ದೇಶ ಬಿಡುವ ಮಾತು ಅಳಿಯುವುದು ಕಷ್ಟ. ತಪ್ಪೊಪ್ಪಿಗೆಯೇ ನಿಜವಲ್ಲ ಎನ್ನಬೇಕಾದರೆ, ಹಾಗೆನ್ನಲು ಕಾರಣ ಬೇಕು.

‘ನಮಗೆ ಶಿಕ್ಷೆ ಕಡಿಮೆ ಆದ್ರೆ ಸಾಕು,’ ಲತೇಶ್ ತಕ್ಷಣ ಹೇಳಿದರು. ಅಷ್ಟು ತಕ್ಷಣ ಹೇಳಿದ್ದು ದ್ಯಾಮವ್ವನವರ ಕುತೂಹಲವನ್ನು ಕೆಣಕಿತೆಂದು ತೋರುತ್ತದೆ. ಅವರು ಕುರ್ಚಿಯನ್ನು ಹುಡುಗಿಯ ಕಡೆ ಎಳೆದುಕೊಂಡರು.

‘ನೀ ಹೇಳವಾ. ಕೊನಿಯಿಂದ ಹೇಳಬೇಕು.’

‘ಬ್ಯಾಕ್‌ವರ್ಡ್ಸ್? ರಿವೈಂಡ್ ತರಾ?’

‘ಹೂಂ, ಹಂಗ.’

ಹುಡುಗಿಗೆ ಅದು ಆಟದಂತೆ ಕಂಡಿರಬೇಕು. ಸ್ವೆಟರಿನೊಳಗಿಂದ ಬೆರಳುಗಳು ಹೊರಗೆ ಬಂದವು. ಕೊನೆಗೆ ಪೊಲೀಸ್ ಜೀಪು. ಅದಕ್ಕೆ ಮುಂಚೆ ಎಲ್ಲರ ಎದುರು ಹೇಳಿದ್ದು. ಅದಕ್ಕೆ ಮುಂಚೆ ಸಚ್ಚಿದಾನಂದ ಅಂಕಲ್ ಕಾರಿನಲ್ಲಿ ಕೂರಿಸಿ ಏನು ಹೇಳಬೇಕೆಂದು ಹೇಳಿಕೊಟ್ಟದ್ದು. ಅದಕ್ಕೆ ಮುಂಚೆ ಅಬ್ಬಾಸನ ಕೈಗೆ ನೀರು ಸುರಿದದ್ದು. ಅದಕ್ಕೆ ಮುಂಚೆ ಗೇಟಿನಿಂದ ಓಡಿ ಬಂದದ್ದು. ಅದಕ್ಕೆ ಮುಂಚೆ ಗೇಟಿನ ಹತ್ತಿರ ರಂಗೋಲಿ ಹಾಕುತ್ತಿದ್ದದ್ದು, ನವಿಲಿನ ಒಂದು ಕಣ್ಣು ಮಾತ್ರ ಬಾಕಿ. ಅಲ್ಲಿಗೆ ಅವಳು ನಿಂತಳು. ತೀರ್ಪಿನಲ್ಲಿ ಮೊದಲಿಗೇ ಇದ್ದ ಪಟಾಕಿ, ಹಿಂದಿನಿಂದ ಬರುವಾಗ ಎಲ್ಲಿಯೂ ಸಿಕ್ಕಿರಲಿಲ್ಲ.

‘ಪಟಾಕಿ ಯಾವಾಗ ಹಚ್ಚಿದಿ?’

ಹುಡುಗಿ ಅಪ್ಪನ ಕಡೆ ನೋಡಿದಳು. ಲತೇಶ್ ಕಿಟಕಿಯಾಚೆಯ ಪಾರ್ಕಿಂಗ್ ಕಡೆ ತಿರುಗಿದರು. ತಮಗೇ ಹೇಳಿಕೊಳ್ಳುವವರಂತೆ ಹೇಳಿದರು. ಹದಿನಾಲ್ಕು ಸಂಸಾರ ಸೇರಿ ದೀಪಾವಳಿಗೆಂದು ಆ ತೋಟವನ್ನು ಒಂದು ದಿನದ ಮಟ್ಟಿಗೆ ಹಿಡಿದಿದ್ದರು. ಆಗ ಅಲ್ಲಿ ಗುರುವಾರ ಶುಕ್ರವಾರ ವಾರದ ರಜೆ. ಮುಸ್ಸಂಜೆಗೆ ದೊಡ್ಡವರೂ ಚಿಕ್ಕವರೂ ಎಲ್ಲ ಪಟಾಕಿ ಹಚ್ಚುತ್ತಿದ್ದರು. ಯಾರ ಕಿಡಿ ಹಾರಿತೋ ಯಾರಿಗೂ ಗೊತ್ತಿಲ್ಲ. ಬೆಂಕಿ ಆರಿದ ಮೇಲೆ, ಪೊಲೀಸರು ಬರುವ ಮೊದಲು, ದೊಡ್ಡವರು ಚಾಪೆ ಹಾಕಿಕೊಂಡು ದುಂಡಗೆ ಕೂತು ಸಮಾಲೋಚಿಸಿದರು. ದೊಡ್ಡವರು ಯಾರು ಹೆಸರು ಕೊಟ್ಟರೂ ವೀಸಾ ಹೋಗುತ್ತದೆ. ಮೈನರ್ ಆದರೆ ಬುದ್ಧಿ ಹೇಳಿ ಬಿಡುತ್ತಾರೆ, ಅದರಲ್ಲೂ ಹುಡುಗಿಯಾದರೆ ಇನ್ನೂ ಬೇಗ.

‘ಮೂರು ಮಕ್ಕಳಿದ್ರು ಆ ವಯಸ್ಸಿನವರು,’ ಎಂದರು ಲತೇಶ್. ‘ಒಬ್ಬನದ್ದು ಹತ್ತನೇ ಕ್ಲಾಸ್, ಒಬ್ಬಳದ್ದು ಹನ್ನೆರಡನೇದು. ಅವರಿಗೆ ಬೋರ್ಡ್ ಎಕ್ಸಾಮ್. ಇವಳದ್ದು ಹನ್ನೊಂದು ಅಲ್ವಾ. ಈ ವರ್ಷ ಬೋರ್ಡ್ ಇಲ್ಲ ಅಲ್ವಾ ಲತೇಶ್ ಅಂತ ಕೇಳಿದ್ರು.’

‘ನೀವೇನಂದ್ರಿ?’

‘ಹೌದು, ಬೋರ್ಡ್ ಇಲ್ಲ ಅಂದೆ.’

ಆಮೇಲೆ ಅಕ್ಷಿತಾಳೇ ಕೇಳಿದಳು. ‘ಆಂಟಿ, ಈಗ ನಾನಲ್ಲ ಅಂದ್ರೆ, ಆಗ ಲೈ ಮಾಡಿದ್ದಾ ಈಗ ಮಾಡ್ತಿದ್ದೀಯಾ ಅಂತ ಜಡ್ಜ್ ಕೇಳಲ್ವಾ?’

‘ಕೇಳ್ತಾರ,’ ಎಂದರು ದ್ಯಾಮವ್ವ. ‘ಕೇಳಬೇಕಾದ್ದ ಅದು. ಆಗ ಆಡಿದ್ದು ನಿನ್ನ ಮಾತಲ್ಲ, ಮಂದಿ ಮಾತು ನಿನ್ನ ಬಾಯಾಗಿತ್ತು. ಆದರ ಅದನ್ನ ನೀನ ಹೇಳಿದರ ನಂಬೂದಿಲ್ಲ. ನಿಮ್ಮಪ್ಪ ಹೇಳಿದರೂ ನಂಬೂದಿಲ್ಲ. ಆ ಚಾಪಿ ಮ್ಯಾಲೆ ಕೂತಿದ್ದವರೊಬ್ಬರು ಹೇಳಬೇಕು.’

ಅವರ ಕೆಲಸ ಅನುವಾದ ಮಾತ್ರ, ಸಾಕ್ಷಿ ಹುಡುಕುವುದಲ್ಲ. ಆದರೂ ಉಳಿದ ಹನ್ನೆರಡು ದಿನಗಳಲ್ಲಿ ಕೆಲಸ ಮುಗಿದ ಮೇಲೆ, ರಜೆಯ ದಿನಗಳಲ್ಲಿ, ಪಾಸ್ಕಲ್‌ನನ್ನು ಕಾಡಿ ಬೇಡಿ, ಆ ಸಂಸಾರಗಳಿದ್ದ ಬರ್ಕಾಕ್ಕೂ ಸಹಮ್‌ಗೂ ಹೊರಟೇಬಿಟ್ಟರು. ಬರೆದುಕೊಳ್ಳಲೆಂದು ನಾನು ಜೊತೆಗೆ ಹೋದೆ. ಅವರು ಯಾರನ್ನೂ ದೂರಲು ಹೋಗಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ನೆರೆಮನೆಗೆ ಹೊಸ ಮಗು ನೋಡಲು ಹೋದವರ ಮುಖದಲ್ಲಿರುವಂಥ ಉತ್ಸುಕತೆಯೊಂದಿಗೆ ಸೋಫಾದ ಮೇಲೆ ಕೂತು, ಉಪ್ಪಿಟ್ಟನ್ನೂ ಗೋಳಿಬಜೆಯನ್ನೂ ಮನಸಾರೆ ತಿಂದು, ‘ಅವತ್ತ ಕೊನೀಗೆ ಏನಾತ್ರಿ?’ ಎನ್ನುತ್ತಿದ್ದರು. ಜನ ಪ್ರೀತಿಯಿಂದಲೇ ಹೇಳಿದರು. ಒಬ್ಬರೂ ಪಟಾಕಿಯ ಹತ್ತಿರ ಇರಲಿಲ್ಲ. ಮೊದಲ ಮನೆಯ ಯಜಮಾನರು ಚಿತ್ರಾನ್ನ ಕಲಸುತ್ತಿದ್ದರು. ಎರಡನೆಯ ಮನೆಯ ದಂಪತಿ ಇಬ್ಬರೂ ಚಿತ್ರಾನ್ನ ಕಲಸುತ್ತಿದ್ದರು. ನಾಲ್ಕನೆಯ ಮನೆಯಲ್ಲಿ, ಜನ್ಮದಲ್ಲಿ ಅಡುಗೆಮನೆ ಹೊಕ್ಕಿರದವರೆಂದು ಹೆಂಡತಿಯೇ ನಗುತ್ತಿದ್ದ ಅಕೌಂಟೆಂಟರು ಕೂಡ ಒಗ್ಗರಣೆ ಹಾಕುತ್ತಿದ್ದರು.

ಕಾರಿಗೆ ಮರಳಿದಾಗ ದ್ಯಾಮವ್ವ ನನ್ನ ಪುಸ್ತಕ ನೋಡಿ, ‘ಒಂದ ಪಾತೇಲಿಗೆ ಒಂಬತ್ತು ಮಂದಿ ಸೌಟು ಹಾಕ್ಯಾರ ನೋಡು ತಂಗಿ. ಚಿತ್ರಾನ್ನ ಭಾರಿ ಆಗಿರಬೇಕು’ ಎಂದರು. ಪಾಸ್ಕಲ್ ನಕ್ಕು ನಕ್ಕು ಗಾಡಿ ಬದಿಗೆ ನಿಲ್ಲಿಸಿದ. ಅವರು ನಗಲಿಲ್ಲ. ಅವರಿಗೆ ಅದು ಸುಳ್ಳು ಎಂಬುದಕ್ಕಿಂತ, ಇಷ್ಟೊಂದು ಜನಕ್ಕೆ ಒಂದೇ ಸುಳ್ಳು ಹೇಗೆ ಹೊಳೆಯಿತು ಎಂಬುದು ಹೆಚ್ಚಿನ ವಿಸ್ಮಯವಾಗಿತ್ತು.

ತೋಟಕ್ಕೂ ಹೋದೆವು. ಚಪ್ಪರವಿದ್ದಲ್ಲಿ ಹೊಸ ಗರಿಗಳು, ಸುಟ್ಟ ಎರಡು ಮರ ಹಾಗೇ ಕಪ್ಪಾಗಿ ನಿಂತಿದ್ದವು. ಚಿತ್ತಗಾಂಗ್ ಕಡೆಯ ಅಬ್ಬಾಸನ ಅಂಗೈಗಳು ಗುಲಾಬಿ ಬಣ್ಣಕ್ಕೆ ತಿರುಗಿ, ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಅವನನ್ನು ಅಂದಿನಿಂದ ಯಾರೂ ಏನನ್ನೂ ವಿವರವಾಗಿ ಕೇಳಿರಲಿಲ್ಲ. ಹುಡುಗಿ ಗೇಟಿನ ಕಡೆಯಿಂದ ಓಡಿ ಬಂದಳು, ಅವಳ ಕೈಯೆಲ್ಲ ಬಿಳಿ ಪುಡಿಯಿತ್ತು, ನೀರು ಸುರಿದು ತನ್ನ ತೋಳು ಹಿಡಿದಾಗ ಅಂಗಿಯ ಮೇಲೆ ಐದು ಬೆರಳು ಮೂಡಿತ್ತು ಎಂದು ಹಿಂದಿಯಲ್ಲಿ ಹೇಳಿದ. ಕಫೀಲ್, ಎಂದರೆ ತನಗೆ ವೀಸಾ ಕೊಟ್ಟ ಮಾಲೀಕರು, ಈ ಮಾತು ಮುಗಿಯಿತು ಎಂದಿದ್ದಾರೆ, ತಾನಾಗಿ ಎಲ್ಲಿಗೂ ಬರಲಾರೆ, ಕೋರ್ಟು ಕರೆದರೆ ಬರುತ್ತೇನೆ ಎಂದ. ಆದರೆ ತಪ್ಪೊಪ್ಪಿಗೆ ಕಲಿಸಿಕೊಟ್ಟದ್ದು ಎಂದು ಯಾರಾದರೂ ಹೇಳದೆ ಕೋರ್ಟು ಅವನನ್ನು ಕರೆಯುವಂತಿರಲಿಲ್ಲ. ಸುತ್ತಿ ಸುತ್ತಿ ಮತ್ತೆ ಆ ಚಾಪೆಗೇ ಬಂದೆವು.

ಸಚ್ಚಿದಾನಂದರ ಮನೆಗೆ ಕೊನೆಗೆ ಹೋದದ್ದು. ಅವರನ್ನು ಕೆಟ್ಟವರೆಂದು ಬರೆಯುವುದು ಸುಲಭ, ಮತ್ತು ತಪ್ಪು. ಧಾರವಾಡದ ಕಡೆಯ ಇಂಜಿನಿಯರು, ಇಪ್ಪತ್ತೆರಡು ವರ್ಷದಿಂದ ಒಂದೇ ಕಂಪನಿ. ಯಾರಾದರೂ ಸತ್ತರೆ ದೇಹವನ್ನು ವಿಮಾನ ಹತ್ತಿಸುವ ತನಕ ನಿಲ್ಲುತ್ತಿದ್ದವರು ಅವರೇ, ಜೈಲಿನ ಬಾಗಿಲಲ್ಲಿ ಬಟ್ಟೆಯ ಗಂಟು ಹಿಡಿದು ಕಾಯುತ್ತಿದ್ದವರೂ ಅವರೇ. ಎಲ್ಲ ತೊಡಕುಗಳನ್ನೂ ನಾಲ್ಕು ಜನ ಕೂತು ಬಿಡಿಸಿಬಿಡಬಹುದು ಎಂಬ ನಂಬಿಕೆ ಅವರಿಗೆ ಅಷ್ಟು ವರ್ಷದ ಯಶಸ್ಸಿನಿಂದ ಬಂದಿತ್ತು.

‘ದ್ಯಾಮಕ್ಕ, ನಾ ಆ ಹುಡುಗಿ ಒಳ್ಳೇದಕ್ಕ ಮಾಡಿದ್ದು,’ ಎಂದು ಬಾಗಿಲಲ್ಲೇ ಆರಂಭಿಸಿದರು.

‘ಇರಲಿ ಬಿಡ್ರಿ. ಕೊನಿಯಿಂದ ಹೇಳ್ರಿ.’

ಅವರು ಹೇಳಿದರು. ಬುದ್ಧಿವಂತರು, ಆದ್ದರಿಂದ ನಿಧಾನವಾಗಿ, ಪ್ರತಿ ಹೆಜ್ಜೆಯನ್ನೂ ಊರಿ ನೋಡಿ ಹಿಂದೆ ಬಂದರು. ಪೊಲೀಸರು, ಕಾರಿನೊಳಗೆ ಹೇಳಿಕೊಟ್ಟ ಪಾಠ, ಚಾಪೆ, ಬೆಂಕಿ. ‘ಅದಕ್ಕಿಂತ ಮುಂಚೆ?’ ಎಂದಾಗ ದೀಪ ಹಚ್ಚಿದ್ದು. ‘ಅದಕ್ಕಿಂತ ಮುಂಚೆ?’ ಎಂದಾಗ ಕಾರಿನಿಂದ ಸಾಮಾನು ಇಳಿಸಿದ್ದು. ಪಾತ್ರೆ, ಬಾಳೆಎಲೆ, ಕುಡಿಯುವ ನೀರಿನ ಬಾಟಲಿಗಳು ಎಂದು ಒಂದೊಂದೇ ಹೇಳುತ್ತಿದ್ದವರ ದನಿ ಸಣ್ಣಗಾಯಿತು. ಕಾಫಿ ತಂದಿದ್ದ ಅವರ ಹೆಂಡತಿ ಉಜ್ವಲಾ ಟ್ರೇ ಹಿಡಿದೇ ನಿಂತಿದ್ದರು.

‘ಪಟಾಕಿ ನನ್ನ ಡಿಕ್ಕಿಯೊಳಗಿತ್ತು,’ ಎಂದರು ಸಚ್ಚಿದಾನಂದ. ‘ಗಡಿ ಆಚೆಯಿಂದ ನಾನ ತಂದಿದ್ದೆ. ಹುಡುಗರು ಖುಷಿ ಪಡಲಿ ಅಂತ.’

ದ್ಯಾಮವ್ವ ತಲೆಯಾಡಿಸಿದರು, ಹೊಲಿಗೆಯ ಮೊದಲ ತೂತು ಸಿಕ್ಕಿದವರಂತೆ.

‘ಇದನ್ನ ಕೋರ್ಟಿನಾಗ ಹೇಳಿದ್ರ, ನನ್ನ ಕಫೀಲ್ ಒಂದ ದಿನ ಇಟ್ಕೊಳ್ಳಂಗಿಲ್ಲ ದ್ಯಾಮಕ್ಕ.’

‘ಹೇಳ್ರಿ ಅಂತ ನಾ ಅಂದಿಲ್ಲ. ಕೇಳಾಕ ಬಂದಿದ್ದೆ, ಕೇಳಿದೆ,’ ಎಂದು ಅವರು ಕಾಫಿ ಮುಗಿಸಿ ಎದ್ದರು.

ಮೆಟ್ಟಿಲಿಳಿಯುವಾಗ ನನಗೆ ಸಿಟ್ಟು ತಡೆಯಲಾಗಲಿಲ್ಲ. ಇನ್ನೊಂದು ಮಾತು ಒತ್ತಿ ಹೇಳಿದ್ದರೆ ಅವರು ಒಪ್ಪುತ್ತಿದ್ದರೇನೋ, ಹುಡುಗಿಯ ಹೆಸರನ್ನಾದರೂ ಒಮ್ಮೆ ಎತ್ತಬಹುದಿತ್ತಲ್ಲ ಎಂದೆ. ದ್ಯಾಮವ್ವ ಕೆಳಗಿನ ಔಷಧಿ ಅಂಗಡಿಯ ಫಲಕ ಓದುತ್ತ ನಿಂತಿದ್ದರು. ‘ಹಂಗ ಒತ್ತಿ ಹೇಳಿಸೇ ಅಲ್ಲವಾ ಆ ಹುಡುಗಿ ಸಿಕ್ಕೊಂಡಿದ್ದು,’ ಎಂದರು.

ಅವಧಿ ಮುಗಿಯಲು ಎರಡು ದಿನ ಇದ್ದಾಗ ಮೇಲ್ಮನವಿ ಸಲ್ಲಿಸಬೇಕಾಯಿತು. ಶಿಕ್ಷೆ ಮಾತ್ರವೇ, ತಪ್ಪೊಪ್ಪಿಗೆಯೂ ಸೇರಿಯೇ ಎಂದು ವಕೀಲರು ಕೇಳಿದಾಗ ಲತೇಶ್ ಮಗಳ ಮುಖ ನೋಡಿದರು. ಈ ಬಾರಿ ಅವರು ತಾವು ಉತ್ತರಿಸಲಿಲ್ಲ. ‘ಎರಡೂ,’ ಎಂದಳು ಅಕ್ಷಿತಾ. ಸಾಕ್ಷಿಗಳ ಜಾಗ ಖಾಲಿಯಿತ್ತು. ಖಾಲಿ ಇದ್ದದ್ದನ್ನು ಖಾಲಿ ಎಂದೇ ದ್ಯಾಮವ್ವ ಅರಬ್ಬಿಗೆ ತಂದರು.

ವಿಚಾರಣೆ ಫೆಬ್ರವರಿಯಲ್ಲಿ, ಮಂಜು ಇನ್ನೂ ಬೆಟ್ಟಗಳ ಮೇಲಿದ್ದ ಒಂದು ಬೆಳಿಗ್ಗೆ. ಅಪ್ರಾಪ್ತರ ಪ್ರಕರಣವಾದ್ದರಿಂದ ಒಳಗೆ ಹೆಚ್ಚು ಜನಕ್ಕೆ ಪ್ರವೇಶವಿಲ್ಲ. ಕಡತ ಹಿಡಿಯುವವಳಾಗಿ ನಾನು ಹಿಂದಿನ ಬೆಂಚಿನಲ್ಲಿದ್ದೆ. ನ್ಯಾಯಾಧೀಶರು ಹುಡುಗಿಯನ್ನು ಅವಳೇ ಊಹಿಸಿದ್ದ ಪ್ರಶ್ನೆಯನ್ನೇ ಕೇಳಿದರು: ಅಂದು ಸುಳ್ಳೋ, ಇಂದೋ? ಅವಳು, ಅಂದು ಹೇಳಿದ್ದು ಕಲಿತದ್ದು, ಇಂದು ಹೇಳುತ್ತಿರುವುದು ಕಂಡದ್ದು ಎಂದಳು. ಕಲಿಸಿದವರು ಯಾರು ಎಂದು ಅವರು ಕೇಳುತ್ತಿದ್ದಾಗ ಕಾವಲಿನವನು ಒಳಗೆ ಬಂದು, ಹೊರಗೆ ಒಬ್ಬರು ಒಂದು ಗಂಟೆಯಿಂದ ಕಾಯುತ್ತಿದ್ದಾರೆ, ಈ ಪ್ರಕರಣದ ಬಗ್ಗೆ ಹೇಳಬೇಕಂತೆ, ಎಂದ.

ಸಚ್ಚಿದಾನಂದರು ಕಚೇರಿಗೆ ಹೊರಟವರಂತೆ ಟೈ ಕಟ್ಟಿಕೊಂಡೇ ಬಂದಿದ್ದರು. ಇಂಗ್ಲಿಷ್ ಅವರಿಗೆ ನೀರು ಕುಡಿದಂತೆ. ಕೋರ್ಟಿನ ಅನುವಾದಕರಿಗೂ ಇಂಗ್ಲಿಷ್ ಬರುತ್ತಿತ್ತು. ಆದರೆ ಅವರು ತಮ್ಮ ಭಾಷೆಯಲ್ಲೇ ಹೇಳುತ್ತೇನೆಂದು ಹಟ ಹಿಡಿದರು. ಕನ್ನಡ ಬಲ್ಲವರು ಬೇರೆ ಯಾರೂ ಇಲ್ಲದ್ದರಿಂದ, ಸರ್ಕಾರಿ ವಕೀಲರ ಆಕ್ಷೇಪವಿಲ್ಲದ್ದರಿಂದ, ದ್ಯಾಮವ್ವನವರಿಂದ ಪ್ರಮಾಣ ಮಾಡಿಸಿ ನಿಲ್ಲಿಸಿದರು. ‘ಪಟಾಕಿ ನನ್ನವು. ಎಲ್ಲರೂ ಹಚ್ಚಿದೆವು. ಯಾರದ್ದು ಹಾರಿತು ನನಗ ಗೊತ್ತಿಲ್ಲ. ಈ ಹುಡುಗಿ ಗೇಟಿನ ಕಡೆ ಇದ್ದಳು. ಏನು ಹೇಳಬೇಕು ಅಂತ ನಾನು ಹೇಳಿಕೊಟ್ಟೆ.’ ಪ್ರತಿ ವಾಕ್ಯವಾದ ಮೇಲೆ ಅವರು ನಿಲ್ಲುತ್ತಿದ್ದರು, ಆ ನಿಲುಗಡೆಯಲ್ಲಿ ದ್ಯಾಮವ್ವ, ಗಂಡನ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ತಲೆ ತಗ್ಗಿಸದೆ, ಅರಬ್ಬಿಯಲ್ಲಿ ‘ನಾನು’ ಎನ್ನುತ್ತಿದ್ದರು. ಅಷ್ಟರ ಮಟ್ಟಿನ ಅರಬ್ಬಿ ನನಗೆ ಬರುತ್ತಿತ್ತು. ಆ ಕ್ಷಣ ಯಾರಾದರೂ ಹೊಸದಾಗಿ ಒಳಗೆ ಬಂದಿದ್ದರೆ, ಅಪರಾಧಿ ಆ ಹೆಂಗಸೇ ಎಂದುಕೊಳ್ಳುತ್ತಿದ್ದರು. ಅವರು ಒಂದು ಪದವನ್ನೂ ಸಣ್ಣದು ಮಾಡಲಿಲ್ಲ. ಸಚ್ಚಿದಾನಂದರು ಬೆವರೊರೆಸಿಕೊಂಡು ‘ಕ್ಷಮಿಸಿ’ ಎಂದು ಗೊಣಗಿದ್ದನ್ನೂ ಗೊಣಗಿದಷ್ಟೇ ದನಿಯಲ್ಲಿ ಹೇಳಿದರು.

ಕೋರ್ಟು ಅಬ್ಬಾಸನನ್ನು ಕರೆಯಿತು. ಅವನು ಬಂದು ಅಂಗಿಯ ಮೇಲಿನ ಬಿಳಿಯ ಬೆರಳುಗಳ ಮಾತು ಹೇಳಿದ. ಮೂರು ವಾರಗಳ ಮೇಲೆ ಬಂದ ತೀರ್ಪಿನಲ್ಲಿ ಅಕ್ಷಿತಾಳ ಮೇಲಿನ ತೀರ್ಮಾನವೂ ಶಿಕ್ಷೆಯೂ ರದ್ದಾದವು. ದ್ಯಾಮವ್ವ ಅದನ್ನು ಲತೇಶರಿಗೆ ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ ಕನ್ನಡದಲ್ಲಿ ಓದಿ ಹೇಳಿದರು, ನಡುವೆ ಅವರು ಅತ್ತಾಗ ನಿಲ್ಲಿಸಿ, ಮತ್ತೆ ಬಿಟ್ಟಲ್ಲಿಂದಲೇ ಓದಿದರು. ಮಗಳು ಅಳಲಿಲ್ಲ. ‘ಪಪ್ಪಾ, ಆ ದಿನ ನೀವು ನನ್ನ ಕೇಳ್ಬೇಕಿತ್ತು,’ ಎಂದಳು. ಲತೇಶ್ ‘ಹೌದು’ ಎಂದರು.

ಸಚ್ಚಿದಾನಂದರ ಮೇಲೆ ಬೇರೆ ಪ್ರಕರಣವಾಗಿ ದಂಡ ಬಿತ್ತು. ಅವರು ಹೆದರಿದ್ದಂತೆಯೇ ಕಂಪನಿ ಕರಾರನ್ನು ಮುಂದುವರಿಸಲಿಲ್ಲ. ಹದಿನಾಲ್ಕು ಸಂಸಾರಗಳಿಗೆ ಇದರಿಂದಾದ ಬೇಗುದಿ ಎಲ್ಲೋ ಒಂದು ಕಡೆ ಇಳಿಯಬೇಕಿತ್ತಲ್ಲ, ಅದು ದ್ಯಾಮವ್ವನವರ ಮೇಲೆ ಇಳಿಯಿತು. ಅಚ್ಚುಕಟ್ಟಾಗಿ ಮುಗಿದಿದ್ದ ವಿಷಯವನ್ನು ಕೆದಕಿ ಒಬ್ಬ ಒಳ್ಳೆಯ ಮನುಷ್ಯನ ಅನ್ನ ಕಳೆದ ಹೆಂಗಸು ಎಂದರು. ಆ ವರ್ಷದ ಯುಗಾದಿಯ ಊಟಕ್ಕೆ ನನಗೆ ಕರೆ ಬಂತು, ಅವರಿಗೆ ಬರಲಿಲ್ಲ. ಮರುದಿನ ಅವರು ಬಹಳ ಆಸಕ್ತಿಯಿಂದ, ಹೋಳಿಗೆಗೆ ಕಡಲೆಬೇಳೆ ಹಾಕಿದ್ದರೋ ತೊಗರಿಬೇಳೆಯೋ ಎಂದು ಕೇಳಿದರು. ನೋವಾಗಿತ್ತೇ ಎಂದು ಅವರ ಮುಖದಲ್ಲಿ ಹುಡುಕಿದೆ. ಇದ್ದರೂ ಅದನ್ನು ಓದುವಷ್ಟು ನಾನು ಕಲಿತಿರಲಿಲ್ಲ.

ಜೂನ್ ತಿಂಗಳಲ್ಲಿ, ಊರಿಗೆ ಹೊರಡುವ ವಾರ, ಸಚ್ಚಿದಾನಂದರು ನಮ್ಮ ಕಚೇರಿಗೆ ಬಂದರು. ಇಪ್ಪತ್ತೆರಡು ವರ್ಷದ ಸೇವಾ ಪತ್ರ, ಮನೆಯ ಬಾಡಿಗೆ ಬಿಡುಗಡೆ, ಕಾರು ಮಾರಿದ ಕಾಗದ, ಎಲ್ಲ ಅನುವಾದವಾಗಬೇಕಿತ್ತು. ಅಂಥ ಕೆಲಸ ಮಾಡುವ ಅಂಗಡಿಗಳು ಅವರ ಮನೆಯ ಕೆಳಗೇ ನಾಲ್ಕಿದ್ದವು. ಪಾಸ್ಕಲ್ ನನ್ನತ್ತ ನೋಡಿದ, ನಾನು ಅವನತ್ತ ನೋಡಿದೆ. ಅವರು ನೇರವಾಗಿ ಹೋಗಿ ದ್ಯಾಮವ್ವನವರ ಮುಂದಿನ ಕುರ್ಚಿಯಲ್ಲಿ ಕೂತು, ‘ದ್ಯಾಮಕ್ಕ, ಇವನ್ನ ನೀವ ಮಾಡಿಕೊಡ್ರಿ. ಬ್ಯಾರೆಯವರು ಏನಾರ ಸೇರಸ್ತಾರ’ ಎಂದರು. ಇಬ್ಬರೂ ಮಧ್ಯಾಹ್ನದ ತನಕ ಕೂತರು. ಒಂದು ಹಾಳೆ ಮುಗಿದು ಇನ್ನೊಂದು ಎತ್ತಿಕೊಳ್ಳುವ ನಡುವೆ ಧಾರವಾಡದ ಯಾವುದೋ ಓಣಿಯ ಬಗ್ಗೆ, ಅಲ್ಲಿ ಈಗ ಮನೆ ಸಿಗುವುದೇ ಎಂಬುದರ ಬಗ್ಗೆ ಮಾತಾಡುತ್ತಿದ್ದರು.

ದ್ಯಾಮವ್ವನಂಥವರನ್ನು ಆಮೇಲೆ ಅಲ್ಲೊಬ್ಬರು ಇಲ್ಲೊಬ್ಬರು ಕಂಡಿದ್ದೇನೆ: ಶಾಲೆಯ ಗುಮಾಸ್ತೆಯೊಬ್ಬಳು, ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಮುದುಕರೊಬ್ಬರು. ಅವರು ನಮ್ಮ ಮೇಲಿನ ಪ್ರೀತಿಯಿಂದ ಕೇಳುವುದಿಲ್ಲ, ಅನುಮಾನದಿಂದಲೂ ಕೇಳುವುದಿಲ್ಲ. ತಿಳಿಯಬೇಕೆಂದಷ್ಟೇ ಕೇಳುತ್ತಾರೆ, ತಿಳಿದದ್ದನ್ನು ಹಿಡಿದು ನಮ್ಮನ್ನು ಎಲ್ಲಿಗೂ ಎಳೆಯುವುದಿಲ್ಲ. ಜನಕ್ಕೆ ಇದು ಕಠಿಣವೆನಿಸುತ್ತದೆ, ಏಕೆಂದರೆ ನಮ್ಮ ಪರವಾಗಿ ಒಂದು ಸುಳ್ಳನ್ನಾದರೂ ಹೇಳುವವರನ್ನೇ ನಾವು ಆಪ್ತರೆಂದು ಕರೆದು ರೂಢಿ. ಹಬ್ಬದ ಎಲೆಯ ಸಾಲಿನಲ್ಲಿ ಇಂಥವರಿಗೆ ಜಾಗ ಸಿಗುವುದು ಅಪರೂಪ. ಆದರೆ ತಾನು ಆಡಿದ್ದು ಆಡಿದಷ್ಟೇ ಉಳಿಯಲಿ, ಹೆಚ್ಚೂ ಆಗದಿರಲಿ, ಕಡಿಮೆಯೂ ಆಗದಿರಲಿ ಎಂದು ಮನುಷ್ಯನಿಗೆ ಅನಿಸುವ ದಿನವೊಂದು ಬರುತ್ತದೆ. ಅಂದು ಅವನು ಆಪ್ತರ ಮನೆಗಳನ್ನೆಲ್ಲ ದಾಟಿಕೊಂಡು ಇಂಥವರ ಮೇಜಿನ ಮುಂದೆ ಬಂದು ಕೂರುತ್ತಾನೆ.